ಲೋಕದ ಸಮಾಧಾನವೂ ನಮ್ಮ ಅಭಿಪ್ರಾಯವೂ

(ಹನ್ನೂರಿನಲ್ಲಿ ನಡೆದ ಶ್ರಮಿಕರ ಅನ್ಯೋನ್ಯ ಕೂಟದಲ್ಲಿ ಮಾಡಿದ ಭಾಷಣ)



ವಾರಕ್ಕೆ ಸಿಗುವ ಒಂದೇ ರಜೆಯ ದಿನವನ್ನು ಬಿಟ್ಟುಕೊಟ್ಟು ಸೊಲ್ಲಾಪುರದಿಂದ, ಅಕ್ಕಲಕೋಟೆಯಿಂದ, ಸುತ್ತಲಿನ ಹಳ್ಳಿಗಳಿಂದ ಇಲ್ಲಿಗೆ ಬಂದಿದ್ದೀರಿ. ಮಗ್ಗದ ಸಪ್ಪಳ ಇನ್ನೂ ಕಿವಿಯಲ್ಲಿರುವವರು ಇದ್ದೀರಿ. ಬೀಡಿಯ ತಂಬಾಕಿನ ವಾಸನೆ ಬೆರಳಿನಿಂದ ಹೋಗದ ತಾಯಂದಿರು ಇದ್ದೀರಿ. ಇಂಥವರ ಮುಂದೆ ಲೋಕದ ಸಮಾಧಾನ, ರಾಷ್ಟ್ರಗಳ ಒಡಂಬಡಿಕೆ ಎಂದು ಮಾತನಾಡುವುದು ದೊಡ್ಡವರ ಮನೆಯ ಮಾತು ಆಡಿದಂತಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಇದು ನಮ್ಮ ಮನೆಯ ಮಾತೇ ಎಂದು ತೋರಿಸುವುದಕ್ಕಾಗಿಯೇ ನಾವು ಈ ವಿಷಯವನ್ನು ಆರಿಸಿಕೊಂಡಿದ್ದೇವೆ.

ಮೊದಲು ನಮಗೆ ಗೊತ್ತಿರುವ ಒಂದು ಸಂಗತಿಯಿಂದ ಆರಂಭಿಸೋಣ. ಊರಲ್ಲಿ ಬಲವುಳ್ಳವನೊಬ್ಬ ಪಕ್ಕದ ಬಡವನ ಹೊಲದ ಬದುವನ್ನು ಒಂದು ಮೊಳ ಒಳಕ್ಕೆ ಸರಿಸುತ್ತಾನೆ. ಸಾಯಂಕಾಲ ಕಟ್ಟೆಯ ಮೇಲೆ ಕುಳಿತವರೆಲ್ಲರೂ 'ಅನ್ಯಾಯವಾಯಿತು' ಎನ್ನುತ್ತಾರೆ. ಬಡವನ ಪರವಾಗಿ ಊರಿನ ಅಭಿಪ್ರಾಯ ಪೂರ್ತಿಯಾಗಿ ಇದೆ. ಮರುದಿನ ಅವನು ಪಂಚರ ಮುಂದೆ ಸಾಕ್ಷಿ ಹೇಳಲು ಕರೆದರೆ ಒಬ್ಬನಿಗೆ ಮದುವೆ, ಇನ್ನೊಬ್ಬನಿಗೆ ಸಂತೆ, ಮತ್ತೊಬ್ಬನಿಗೆ ಮೈಯಲ್ಲಿ ಹುಷಾರಿಲ್ಲ. ಬದು ಸರಿದಲ್ಲೇ ಉಳಿಯುತ್ತದೆ. ಎರಡು ಮಹಾಯುದ್ಧಗಳ ನಡುವಿನ 20 ವರ್ಷಗಳಲ್ಲಿ ಇಡೀ ಲೋಕದಲ್ಲಿ ನಡೆದದ್ದು ಹೆಚ್ಚುಕಡಿಮೆ ಇದೇ.

1914ರಿಂದ 1918ರ ತನಕ ನಡೆದ ಯುದ್ಧದಲ್ಲಿ ಲಕ್ಷಾಂತರ ಜನ ಸತ್ತರು. ಇಂಥದು ಮತ್ತೊಮ್ಮೆ ಆಗಬಾರದೆಂದು 1920ರ ಜನವರಿಯಲ್ಲಿ ರಾಷ್ಟ್ರಸಂಘ ಆರಂಭವಾಯಿತು. ಅದರ ಮೂಲಪತ್ರಕ್ಕೆ 'ಒಡಂಬಡಿಕೆ' ಎಂದೇ ಹೆಸರು. ಆ ಸಂಘಕ್ಕಾಗಿ ಎಲ್ಲರಿಗಿಂತ ಹೆಚ್ಚು ದುಡಿದ ಅಮೆರಿಕದ ಅಧ್ಯಕ್ಷ ವುಡ್ರೊ ವಿಲ್ಸನ್ನರು ಪ್ರೆಸ್ಬಿಟೇರಿಯನ್ ಬೋಧಕರೊಬ್ಬರ ಮಗ. ಆದರೆ ಅವರ ದೇಶವೇ ಅದರಲ್ಲಿ ಸೇರಲಿಲ್ಲ. ಸಂಘಕ್ಕೆ ಸ್ವಂತ ಸೈನ್ಯವಿರಲಿಲ್ಲ. ಒಂದು ದೇಶ ಇನ್ನೊಂದರ ಮೇಲೆ ಬಿದ್ದರೆ ಉಳಿದವರು ಅದರೊಡನೆ ಕೊಡುವ ಕೊಳ್ಳುವ ವ್ಯವಹಾರ ನಿಲ್ಲಿಸಬೇಕೆಂಬ ನಿಯಮ ಇತ್ತು. ಅದಕ್ಕೂ ಮಿಗಿಲಾಗಿ ಲೋಕದ ಜನಾಭಿಪ್ರಾಯವೇ ತಪ್ಪಿತಸ್ಥನನ್ನು ನಾಚಿಸಿ ಹಿಂದಕ್ಕೆ ತಳ್ಳುತ್ತದೆಂಬ ನಂಬಿಕೆ ಇತ್ತು.

ಆ ನಂಬಿಕೆ ಪೂರಾ ಸುಳ್ಳಾಗಿರಲಿಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು. 1925ರಲ್ಲಿ ಗ್ರೀಸಿನ ಸೈನ್ಯ ಬಲ್ಗೇರಿಯದೊಳಗೆ ನುಗ್ಗಿದಾಗ ಸಂಘವು ಗದರಿಸಿತು. ಸೈನ್ಯ ಹಿಂದಿರುಗಿತು, ಗ್ರೀಸ್ ದಂಡವನ್ನೂ ಕಟ್ಟಿತು. 1935ರ ಜನವರಿಯಲ್ಲಿ ಸಾರ್ ಎಂಬ ಸೀಮೆಯ ಜನರು ತಾವು ಯಾವ ದೇಶಕ್ಕೆ ಸೇರಬೇಕೆಂದು ಮತ ಹಾಕಿದರು. ಬ್ರಿಟನ್, ಇಟಲಿ, ಸ್ವೀಡನ್, ಹಾಲೆಂಡ್ ಈ ನಾಲ್ಕು ದೇಶಗಳ ಸುಮಾರು 3,300 ಸೈನಿಕರು ಅಲ್ಲಿ ನಿಂತು ಶಾಂತಿ ಕಾಯ್ದರು. ಮತದಾನವು ಗಲಭೆಯಿಲ್ಲದೆ ಮುಗಿಯಿತು. ಇಂದು ನಾವು ಶಾಂತಿಪಾಲನಾ ಪಡೆ ಎನ್ನುತ್ತೇವಲ್ಲ, ಅದರ ಮೊದಲ ಮಾದರಿಗಳಲ್ಲಿ ಅದೂ ಒಂದು. ತಪ್ಪಿತಸ್ಥನು ಚಿಕ್ಕವನಾಗಿದ್ದಾಗ, ಅಥವಾ ಎಲ್ಲರಿಗೂ ಒಪ್ಪಿಗೆಯಾಗಿದ್ದಾಗ, ಸಂಘದ ಮಾತು ನಡೆಯಿತು.

ತಪ್ಪಿತಸ್ಥನು ಬಲವುಳ್ಳವನಾದಾಗ ಏನಾಯಿತು? 1931ರ ಸೆಪ್ಟೆಂಬರ್ 18ರಂದು ಜಪಾನಿನ ಸೈನ್ಯ ಚೀನದ ಮಂಚೂರಿಯದಲ್ಲಿ ಕೈಮಾಡಿತು. ಸಂಘ ಒಂದು ಆಯೋಗವನ್ನು ಕಳಿಸಿತು. ಹಿಂದೆ ಬಂಗಾಳದ ಗವರ್ನರರಾಗಿದ್ದ ಲಾರ್ಡ್ ಲಿಟ್ಟನ್ ಅದರ ಮುಖಂಡರು. ವರದಿ ಬಂತು, ಚರ್ಚೆ ಆಯಿತು. 1933ರ ಫೆಬ್ರವರಿಯಲ್ಲಿ 42 ದೇಶಗಳು ಆ ವರದಿಯ ಪರವಾಗಿ ಮತ ಹಾಕಿದವು. ವಿರುದ್ಧವಾಗಿ ಮತ ಹಾಕಿದ್ದು ಜಪಾನ್ ಒಂದೇ. ಜಪಾನಿನವರು ಎದ್ದು ಹೊರಟರು. ಮಂಚೂರಿಯ ಮಾತ್ರ ಅವರ ಕೈಯಲ್ಲೇ ಉಳಿಯಿತು. ಕಟ್ಟೆಯ ಮೇಲಿನ ಅಭಿಪ್ರಾಯವೆಲ್ಲ ಚೀನದ ಪರವಾಗಿತ್ತು. ಸಾಕ್ಷಿಗೆ ಬಂದವರು ಯಾರೂ ಇಲ್ಲ.

ಆಮೇಲೆ ಇಂಗ್ಲೆಂಡಿನಲ್ಲಿ ಒಂದು ದೊಡ್ಡ ಪ್ರಯತ್ನ ನಡೆಯಿತು. 1934ರಿಂದ 1935ರ ಜೂನ್ ತನಕ ಸುಮಾರು ಐದು ಲಕ್ಷ ಸ್ವಯಂಸೇವಕರು ಮನೆಮನೆಗೆ ಹೋಗಿ ಜನರ ಅಭಿಪ್ರಾಯ ಕೇಳಿದರು. ಇದಕ್ಕೆ ಶಾಂತಿ ಮತದಾನ ಎಂದು ಹೆಸರಾಯಿತು. 1 ಕೋಟಿ 15 ಲಕ್ಷಕ್ಕೂ ಹೆಚ್ಚು ಜನರು ಉತ್ತರ ಕೊಟ್ಟರು. ಆಕ್ರಮಣ ಮಾಡಿದ ದೇಶದ ವ್ಯಾಪಾರವನ್ನು ಎಲ್ಲರೂ ಸೇರಿ ನಿಲ್ಲಿಸಬೇಕೇ ಎಂದು ಕೇಳಿದರೆ 1 ಕೋಟಿಗೂ ಹೆಚ್ಚು ಜನ ಹೌದೆಂದರು. ಅದಕ್ಕೂ ಜಗ್ಗದಿದ್ದರೆ ಸೈನ್ಯಬಲದಿಂದ ತಡೆಯಬೇಕೇ ಎಂದು ಕೇಳಿದಾಗ ಹೌದೆಂದವರು ಸುಮಾರು 68 ಲಕ್ಷಕ್ಕೆ ಇಳಿದರು. ಈ ಎರಡು ಅಂಕಿಗಳನ್ನು ನೆನಪಿನಲ್ಲಿ ಇಟ್ಟುಕೊಳ್ಳಿರಿ. ಕೊಡಬೇಕಾದ ಬೆಲೆ ಹೆಚ್ಚಾದಂತೆ ಹೌದೆನ್ನುವವರ ಸಂಖ್ಯೆ ಕಡಿಮೆಯಾಯಿತು.

ಪರೀಕ್ಷೆಗೆ ಬಹಳ ದಿನ ಕಾಯಬೇಕಾಗಲಿಲ್ಲ. ಅದೇ 1935ರ ಅಕ್ಟೋಬರ್ 3ರಂದು ಇಟಲಿಯ ಮುಸೊಲಿನಿ ಇಥಿಯೋಪಿಯದ ಮೇಲೆ ದಂಡೆತ್ತಿ ಹೋದ. ಅಪೊಸ್ತಲರ ಕೃತ್ಯಗಳಲ್ಲಿ ಫಿಲಿಪ್ಪನಿಂದ ದೀಕ್ಷಾಸ್ನಾನ ಹೊಂದಿದ ಕಂಚುಕಿಯ ಕಥೆಯಿಂದ ಆ ದೇಶದ ಹೆಸರು ನಮಗೆಲ್ಲ ಗೊತ್ತು. ವರ್ಷದ ಆರಂಭದಲ್ಲಿ ಸಾರ್ ಸೀಮೆಯಲ್ಲಿ ಶಾಂತಿ ಕಾಯಲು ಸೈನಿಕರನ್ನು ಕಳಿಸಿದ್ದ ಇಟಲಿಯೇ ವರ್ಷ ಮುಗಿಯುವುದರೊಳಗೆ ಬಡದೇಶದ ಮೇಲೆ ವಿಷಾನಿಲ ಸುರಿಯಿತು. ರಾಷ್ಟ್ರಸಂಘ ಆರ್ಥಿಕ ದಿಗ್ಬಂಧನ ಹಾಕಿತು. ಆಯುಧ ಕೊಡುವುದು ನಿಂತಿತು, ಸಾಲ ಕೊಡುವುದು ನಿಂತಿತು, ಇಟಲಿಯ ಸರಕು ಕೊಳ್ಳುವುದು ನಿಂತಿತು. ಎಣ್ಣೆ ಮಾತ್ರ ನಿಲ್ಲಲಿಲ್ಲ. ಸುಯೆಜ್ ಕಾಲುವೆಯನ್ನೂ ಮುಚ್ಚಲಿಲ್ಲ. ಲಾರಿಗಳೂ ವಿಮಾನಗಳೂ ಓಡುವುದು ಎಣ್ಣೆಯಿಂದ, ದಂಡು ದಾಟುವುದು ಕಾಲುವೆಯಿಂದ. ಇದು ಎಲ್ಲರಿಗೂ ತಿಳಿದಿತ್ತು. ಆದರೆ ಅವನ್ನು ನಿಲ್ಲಿಸಿದರೆ ಇಟಲಿ ತಮ್ಮ ಮೇಲೆಯೇ ತಿರುಗಿಬಿದ್ದೀತೆಂಬ ಭಯ.

ಡಿಸೆಂಬರಿನಲ್ಲಿ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಹೋರ್ ಎಂಬವರು ಫ್ರಾನ್ಸಿನ ಲವಾಲ್ ಎಂಬವರೊಡನೆ ಕೂಡಿ, ಇಥಿಯೋಪಿಯದ ದೊಡ್ಡ ಭಾಗವನ್ನು ಇಟಲಿಗೆ ಬಿಟ್ಟುಕೊಡುವ ಗುಟ್ಟಿನ ಒಪ್ಪಂದ ಮಾಡಿದರು. ಅದು ಬಯಲಾದಾಗ ಇಂಗ್ಲೆಂಡಿನ ಜನ ಸಿಟ್ಟಿಗೆದ್ದರು. ಹೋರ್ ರಾಜೀನಾಮೆ ಕೊಡಬೇಕಾಯಿತು. ಜನಾಭಿಪ್ರಾಯಕ್ಕೆ ಒಬ್ಬ ಮಂತ್ರಿಯನ್ನು ಕೆಳಗಿಳಿಸುವ ಶಕ್ತಿ ಇತ್ತು, ಒಂದು ದೇಶವನ್ನು ಉಳಿಸುವ ಶಕ್ತಿ ಇರಲಿಲ್ಲ. 1936ರ ಮೇ 5ರಂದು ಅಡಿಸ್ ಅಬಾಬ ಬಿತ್ತು. ಜೂನ್ 30ರಂದು ಚಕ್ರವರ್ತಿ ಹೈಲೆ ಸೆಲಾಸ್ಸಿ ಜಿನೀವಾದಲ್ಲಿ ಸಂಘದ ಮುಂದೆ ನಿಂತು ತನ್ನ ಜನರ ಪರವಾಗಿ ಮೊರೆಯಿಟ್ಟರು. ಕೆಲವೇ ದಿನಗಳಲ್ಲಿ ದಿಗ್ಬಂಧನವನ್ನೂ ತೆಗೆದುಹಾಕಲಾಯಿತು.

ಹಸಿದವನಿಗೂ ಬಟ್ಟೆಯಿಲ್ಲದವನಿಗೂ ಬರೀ ಒಳ್ಳೆಯ ಮಾತು ಹೇಳಿ ಕಳಿಸಿದರೆ ಏನು ಪ್ರಯೋಜನವೆಂದು ಯಾಕೋಬನು ತನ್ನ ಪತ್ರಿಕೆಯಲ್ಲಿ ಕೇಳುತ್ತಾನೆ. ಸಮಾಧಾನವಿಲ್ಲದ ಕಡೆ ಸಮಾಧಾನವೆಂದು ಕೂಗಿ ಗಾಯವನ್ನು ಮೇಲೆಮೇಲೆ ಮುಚ್ಚುವವರನ್ನು ಯೆರೆಮೀಯನು ಖಂಡಿಸುತ್ತಾನೆ. ರಾಷ್ಟ್ರಸಂಘವು ಸೋತದ್ದು ಜನರಲ್ಲಿ ಒಳ್ಳೆಯ ಅಭಿಪ್ರಾಯ ಇಲ್ಲದ್ದರಿಂದ ಅಲ್ಲ. ಅಭಿಪ್ರಾಯಕ್ಕೆ ಬೆಲೆ ಕೊಡುವ ಹೊತ್ತು ಬಂದಾಗ ಸರಕಾರಗಳು ಹಿಂದಕ್ಕೆ ಸರಿದದ್ದರಿಂದ ಮತ್ತು ಜನರು ಸರಿಯಗೊಟ್ಟದ್ದರಿಂದ.

ಹಾಗಾದರೆ ಆ ಕಾಲದಲ್ಲಿ ನಮ್ಮವರು ಎಲ್ಲಿದ್ದರು? ಸೊಲ್ಲಾಪುರದಲ್ಲಿ ಆಗ ಬ್ರಿಟಿಷರ ಆಳಿಕೆ, ಅಕ್ಕಲಕೋಟೆಯಲ್ಲಿ ಸಂಸ್ಥಾನದ ಆಳಿಕೆ. ಹಿಂದೂಸ್ಥಾನವು ರಾಷ್ಟ್ರಸಂಘದ ಮೂಲ ಸದಸ್ಯ ದೇಶ. 1919ರ ಸಂಧಿಪತ್ರಕ್ಕೆ ನಮ್ಮ ಹೆಸರಿನಲ್ಲಿ ಸಹಿ ಹಾಕಿದವರು ಇಂಗ್ಲೆಂಡಿನ ಮಂತ್ರಿ ಮಾಂಟೆಗ್ಯು ಮತ್ತು ಬಿಕಾನೇರಿನ ಮಹಾರಾಜರು. ನಮಗೆ ಕುರ್ಚಿ ಇತ್ತು, ನಾಲಿಗೆ ಇರಲಿಲ್ಲ. ಜಿನೀವಾದಲ್ಲಿ ಲೋಕಶಾಂತಿಯ ಮಾತನಾಡುತ್ತಿದ್ದ ಸರಕಾರವೇ 1930ರ ಮೇ 12ರಿಂದ ಜೂನ್ ಕೊನೆಯ ತನಕ ಸೊಲ್ಲಾಪುರದ ಮೇಲೆ ಮಾರ್ಷಲ್ ಲಾ ಹೇರಿತ್ತು. ಗಾಂಧೀಜಿಯವರ ಬಂಧನದ ಸುದ್ದಿ ಕೇಳಿ ಗಿರಣಿಯ ಕೆಲಸಗಾರರು ಬೀದಿಗೆ ಬಂದಿದ್ದರು. ಪೊಲೀಸರು ಗುಂಡು ಹಾರಿಸಿದರು, ಜನ ಸತ್ತರು. ಜನರ ಗುಂಪೂ ಸಿಟ್ಟಿನಲ್ಲಿ ಬೆಂಕಿ ಹಚ್ಚಿತು, ಪೊಲೀಸರೂ ಸತ್ತರು. ಮಲ್ಲಪ್ಪ ಧನಶೆಟ್ಟಿ, ಜಗನ್ನಾಥ ಶಿಂದೆ, ಕಿಸನ್ ಸಾರಡಾ, ಕುರ್ಬಾನ್ ಹುಸೇನ್ ಈ ನಾಲ್ವರನ್ನು 1931ರ ಜನವರಿ 12ರಂದು ಯರವಡಾ ಜೈಲಿನಲ್ಲಿ ಗಲ್ಲಿಗೇರಿಸಿದರು. ಅವರ ಹೆಸರಿನ ಚೌಕವನ್ನು ದಾಟಿಯೇ ನಿಮ್ಮಲ್ಲಿ ಅನೇಕರು ಕೆಲಸಕ್ಕೆ ಹೋಗುತ್ತೀರಿ. ಲಿಂಗಾಯತ, ಮರಾಠಾ, ಮಾರವಾಡಿ, ಮುಸಲ್ಮಾನ, ನಾಲ್ವರೂ ಒಂದೇ ಹಗ್ಗಕ್ಕೆ ಹೋದರು. ಇಂಥ ಊರಿನವರ ಅಭಿಪ್ರಾಯವನ್ನು ಜಿನೀವಾದಲ್ಲಿ ಯಾರೂ ಕೇಳಲಿಲ್ಲ.

ಆದರೆ ಅದೇ ಜಿನೀವಾದಲ್ಲಿ ಇನ್ನೊಂದು ಮನೆಯೂ ಇತ್ತು. 1919ರಲ್ಲಿ ರಾಷ್ಟ್ರಸಂಘದೊಡನೆ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯೂ ಹುಟ್ಟಿತು. ಸಾಮಾಜಿಕ ನ್ಯಾಯದ ಮೇಲೆ ಕಟ್ಟದ ಶಾಂತಿ ನಿಲ್ಲುವುದಿಲ್ಲವೆಂಬುದು ಅದರ ಬುನಾದಿ. ಅಲ್ಲಿ ಸರಕಾರದವರಷ್ಟೇ ಅಲ್ಲ, ಮಾಲಿಕರ ಪ್ರತಿನಿಧಿಗಳೂ ಕೆಲಸಗಾರರ ಪ್ರತಿನಿಧಿಗಳೂ ಕೂಡುತ್ತಿದ್ದರು. ಮೊದಲ ಸಭೆಗೆ ನಮ್ಮ ಕೆಲಸಗಾರರ ಪ್ರತಿನಿಧಿಯಾಗಿ ಎನ್. ಎಂ. ಜೋಶಿಯವರನ್ನು ಸರಕಾರವೇ ನೇಮಿಸಿ ಕಳಿಸಿತು. ನಮ್ಮ ಪ್ರತಿನಿಧಿಯನ್ನು ನಾವೇ ಆರಿಸಬೇಕೆಂಬ ಹಟವೂ ಸೇರಿ 1920ರ ಅಕ್ಟೋಬರ್ 31ರಂದು ಮುಂಬಯಿಯಲ್ಲಿ ಅಖಿಲ ಭಾರತ ಟ್ರೇಡ್ ಯೂನಿಯನ್ ಕಾಂಗ್ರೆಸ್ ಹುಟ್ಟಿತು. ಲಾಲಾ ಲಜಪತರಾಯರು ಅಧ್ಯಕ್ಷರು. ಅದನ್ನು ಕಟ್ಟಿದವರಲ್ಲಿ ಲೋಕಮಾನ್ಯ ತಿಲಕರ ಸಂಗಡಿಗರಾಗಿದ್ದ ಕ್ರೈಸ್ತ ವಕೀಲ ಜೋಸೆಫ್ ಬಾಪ್ತಿಸ್ತಾ ಒಬ್ಬರು. ಕ್ರೈಸ್ತರು ಕಾರ್ಮಿಕರ ಕೆಲಸಕ್ಕೆ ನಿನ್ನೆ ಮೊನ್ನೆ ಬಂದವರಲ್ಲ ಎಂಬುದಕ್ಕೆ ಅವರನ್ನು ನೆನೆಯುತ್ತೇವೆ.

ಇದರ ಫಲ ಸೊಲ್ಲಾಪುರದ ಗಿರಣಿಗಳ ತನಕ ಮುಟ್ಟಿತು. 1911ರ ಕಾಯ್ದೆಯ ಪ್ರಕಾರ ಬಟ್ಟೆ ಗಿರಣಿಯಲ್ಲಿ ದಿನಕ್ಕೆ 12 ಗಂಟೆ ದುಡಿಸಬಹುದಾಗಿತ್ತು. 1922ರಲ್ಲಿ ಅದು ದಿನಕ್ಕೆ 11, ವಾರಕ್ಕೆ 60 ಗಂಟೆಗೆ ಇಳಿಯಿತು. 1934ರ ಕಾಯ್ದೆಯಿಂದ ದಿನಕ್ಕೆ 10, ವಾರಕ್ಕೆ 54 ಆಯಿತು. ಬೇರೆ ದೇಶಗಳಿಗೆ ವಾರಕ್ಕೆ 48 ಗಂಟೆಯ ನಿಯಮವಿದ್ದಾಗ ನಮಗೆ 60 ಎಂದದ್ದು ಅನ್ಯಾಯವೇ. ಆದರೂ ಮುಷ್ಕರ ಮಾಡಿ, ಪಗಾರ ಕಳೆದುಕೊಂಡು, ಸಂಘಕ್ಕೆ ಚಂದಾ ಕೊಟ್ಟವರ ಬಲ ಆ ಮಾತಿನ ಹಿಂದೆ ಇತ್ತು. ರಾಷ್ಟ್ರಸಂಘ 1946ರಲ್ಲಿ ಬಾಗಿಲು ಮುಚ್ಚಿತು. ಕಾರ್ಮಿಕ ಸಂಸ್ಥೆ ಇಂದಿಗೂ ಇದೆ.

ಈಗ ಸೊಲ್ಲಾಪುರದ ಒಬ್ಬ ಮಗನ ಮಾತಿಗೆ ಬರೋಣ. 1937ರ ಜುಲೈ 7ರಂದು ಜಪಾನ್ ಮತ್ತೆ ಚೀನದ ಮೇಲೆ ಬಿತ್ತು. ಈ ಸಲವೂ ಲೋಕದ ಮರುಕಕ್ಕೆ ಕೊರತೆ ಇರಲಿಲ್ಲ. ಚೀನದ ಸೇನಾನಿ ಝು ದೆ ಎಂಬವರು ಜವಾಹರಲಾಲ ನೆಹರೂ ಅವರಿಗೆ ಪತ್ರ ಬರೆದು ವೈದ್ಯರ ನೆರವು ಕೇಳಿದರು. ನಮ್ಮದು ಆಗ ಪರರ ಕೈಕೆಳಗಿನ ದೇಶ. ಸೈನ್ಯ ನಮ್ಮದಲ್ಲ, ಖಜಾನೆ ನಮ್ಮದಲ್ಲ, ಜಿನೀವಾದ ಕುರ್ಚಿಯೂ ನಮ್ಮದಲ್ಲ. ಕಾಂಗ್ರೆಸ್ಸಿನ ಅಧ್ಯಕ್ಷರಾಗಿದ್ದ ಸುಭಾಷಚಂದ್ರ ಬೋಸರು ಜನರಿಗೆ ಕರೆಕೊಟ್ಟರು. 1938ರ ಜುಲೈ 7ರಿಂದ 9ರ ತನಕ ಚೀನದ ಹೆಸರಿನಲ್ಲಿ ದೇಶದಲ್ಲೆಲ್ಲ ಹಣ ಕೂಡಿಸಿದರು. ಸುಮಾರು 22,000 ರೂಪಾಯಿ ಕೂಡಿತು. ಅದು ಬಡದೇಶದ ಕಾಣಿಕೆ. ಆ ಹಣದೊಂದಿಗೆ ಐವರು ವೈದ್ಯರು ಹೊರಟರು. ಅಲಹಾಬಾದಿನ ಅಟಲ್ ಅವರ ಮುಖಂಡರು. ನಾಗಪುರದ ಚೋಳಕರ, ಕಲ್ಕತ್ತೆಯ ಬಸು ಮತ್ತು ಮುಖರ್ಜಿ, ಸೊಲ್ಲಾಪುರದ ದ್ವಾರಕಾನಾಥ ಕೋಟನೀಸ.

ಕೋಟನೀಸರು ಹುಟ್ಟಿದ್ದು 1910ರ ಅಕ್ಟೋಬರ್ 10ರಂದು ಸೊಲ್ಲಾಪುರದಲ್ಲಿ. ಮುಂಬಯಿಯಲ್ಲಿ ವೈದ್ಯಶಾಸ್ತ್ರ ಓದಿದರು. ಮುಂದೆ ಓದಿ ಹೆಸರು ಮಾಡುವ ವಯಸ್ಸು. ಅದನ್ನು ಬಿಟ್ಟು 1938ರ ಸೆಪ್ಟೆಂಬರಿನಲ್ಲಿ ಹಡಗು ಹತ್ತಿದರು. ಚೀನದಲ್ಲಿದ್ದಾಗಲೇ ತಂದೆ ತೀರಿಕೊಂಡ ಸುದ್ದಿ ಬಂತು. ಹಿಂದಿರುಗಬಹುದಾಗಿತ್ತು, ಹಿಂದಿರುಗಲಿಲ್ಲ. ಗುಡ್ಡಗಾಡಿನಲ್ಲಿ ಗಾಯಾಳುಗಳ ನಡುವೆ ಕೆಲಸ ಮಾಡಿದರು. 1941ರಲ್ಲಿ ಬೆಥೂನ್ ಅಂತಾರಾಷ್ಟ್ರೀಯ ಶಾಂತಿ ಆಸ್ಪತ್ರೆಯ ಮುಖ್ಯಸ್ಥರಾದರು. ಆ ಬೆಥೂನರು ಕೆನಡಾದ ವೈದ್ಯರು. ಅವರೂ ಬೋಧಕರೊಬ್ಬರ ಮಗ. ಗಾಯಾಳುಗಳ ಸೇವೆಯಲ್ಲಿ ಚೀನದಲ್ಲೇ 1939ರಲ್ಲಿ ತೀರಿಕೊಂಡಿದ್ದರು. ಕೋಟನೀಸರು ಅಲ್ಲಿಯ ದಾದಿ ಗುವೊ ಚಿಂಗ್‌ಲಾನ್ ಎಂಬವರನ್ನು ಮದುವೆಯಾದರು. ಹುಟ್ಟಿದ ಗಂಡುಮಗುವಿಗೆ ಯಿನ್‌ಹುವಾ ಎಂದು ಹೆಸರಿಟ್ಟರು. ಆ ಹೆಸರಿನಲ್ಲಿ ಹಿಂದೂಸ್ಥಾನವೂ ಇದೆ, ಚೀನವೂ ಇದೆ. ಮಗುವಿಗೆ ಕೆಲವೇ ತಿಂಗಳಾಗಿದ್ದಾಗ, 1942ರ ಡಿಸೆಂಬರ್ 9ರಂದು, 32ನೆಯ ವಯಸ್ಸಿನಲ್ಲಿ ಅಪಸ್ಮಾರದಿಂದ ಕೋಟನೀಸರು ತೀರಿಕೊಂಡರು. ಉಳಿದ ನಾಲ್ವರು ಊರಿಗೆ ಬಂದರು, ಇವರು ಬರಲಿಲ್ಲ.

ಲೂಕನ ಸುವಾರ್ತೆಯ ಸಮಾರ್ಯದವನನ್ನು ನೆನೆಸಿಕೊಳ್ಳಿರಿ. ದಾರಿಯಲ್ಲಿ ಬಿದ್ದವನನ್ನು ನೋಡಿದವರು ಮೂವರು. ಯಾಜಕನಿಗೂ ಲೇವಿಯನಿಗೂ ಅಭಿಪ್ರಾಯವಿರಲಿಲ್ಲವೆಂದು ಯಾರು ಹೇಳುವರು? ಕಳ್ಳರು ಮಾಡಿದ್ದು ತಪ್ಪೆಂದು ಅವರೂ ಅಂದುಕೊಂಡಿರಬೇಕು. ಸಮಾರ್ಯದವನು ಇಳಿದು ಬಂದನು, ತನ್ನ ಎಣ್ಣೆಯನ್ನು ಗಾಯಕ್ಕೆ ಹೊಯ್ದನು, ತನ್ನ ಕತ್ತೆಯನ್ನು ಕೊಟ್ಟನು, ಛತ್ರದವನಿಗೆ ತನ್ನ ಕೈಯಿಂದ ದುಡ್ಡು ಕೊಟ್ಟನು. ದೊಡ್ಡ ದೇಶಗಳು ತಮ್ಮ ಎಣ್ಣೆಯನ್ನು ಗಾಯ ಮಾಡುವವನಿಗೆ ಮಾರುತ್ತಿದ್ದಾಗ, ಬಡದೇಶವೊಂದು ತನ್ನ ಎಣ್ಣೆಯನ್ನು ಗಾಯಕ್ಕೆ ಕಳಿಸಿತು. ಕೋಟನೀಸರು ನಮ್ಮ ಸಭೆಯವರಲ್ಲ ಎಂದು ಯಾರಾದರೂ ಹೇಳಿದರೆ, ಸಮಾರ್ಯದವನು ಯಾರ ಸಭೆಯವನಾಗಿದ್ದನೆಂದು ನಾವು ಕೇಳುತ್ತೇವೆ.

ಐವರು ವೈದ್ಯರಿಂದ ಯುದ್ಧ ನಿಲ್ಲಲಿಲ್ಲ, ನಿಜ. ಅವರು ಸೇರಿದ್ದೂ ಕಾದಾಡುತ್ತಿದ್ದ ಒಂದು ಸೈನ್ಯದ ಆಸ್ಪತ್ರೆಗಳನ್ನೇ. 1962ರಲ್ಲಿ ಚೀನವೂ ನಾವೂ ಗಡಿಯಲ್ಲಿ ಯುದ್ಧ ಮಾಡಿದೆವು, ನಮ್ಮ ಹುಡುಗರು ಹಿಮದಲ್ಲಿ ಸತ್ತರು. ಸಮಾಧಾನವು ಒಮ್ಮೆ ಗಳಿಸಿ ಪೆಟ್ಟಿಗೆಯಲ್ಲಿಡುವ ಒಡವೆಯಲ್ಲ. ದಿನದ ರೊಟ್ಟಿಯ ಹಾಗೆ ಅದನ್ನು ದಿನದಿನವೂ ಮಾಡಬೇಕು. ಆದರೂ ಆ ಯುದ್ಧದ ನಂತರವೂ ಎರಡೂ ದೇಶಗಳಲ್ಲಿ ಕೋಟನೀಸರ ಹೆಸರು ಅಳಿಯಲಿಲ್ಲ. 2012ರಲ್ಲಿ ಸೊಲ್ಲಾಪುರದಲ್ಲಿ ಅವರ ಮನೆ ಸ್ಮಾರಕವಾಯಿತು. ನಮ್ಮ ಮಕ್ಕಳನ್ನು ಕರೆದುಕೊಂಡು ಹೋಗಿ ತೋರಿಸಬೇಕಾದ ಮನೆ ಅದು.

ಮುಂದೆ ವಿಶ್ವಸಂಸ್ಥೆ ಬಂದ ಮೇಲೆ ಶಾಂತಿಪಾಲನೆಗೆ ನಮ್ಮವರೇ ಹೋದರು. 1953ರಲ್ಲಿ ಕೊರಿಯದ ಯುದ್ಧ ನಿಂತಾಗ, ತಮ್ಮ ದೇಶಕ್ಕೆ ಹಿಂದಿರುಗಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಕೈದಿಗಳ ಹೊಣೆ ಹಿಂದೂಸ್ಥಾನದ ಮೇಲೆ ಬಿತ್ತು. ಆಯೋಗದ ಅಧ್ಯಕ್ಷರು ಕೊಡಗಿನ ಜನರಲ್ ತಿಮ್ಮಯ್ಯ. ಕಾವಲು ಪಡೆಯ ಮುಖ್ಯಸ್ಥರು ಕೊಲ್ಲಾಪುರ ಸೀಮೆಯ ಥೋರಾತರು. ಕೈದಿಗಳು ನಮ್ಮ ಅಧಿಕಾರಿಯೊಬ್ಬರನ್ನು ಹಿಡಿದಿಟ್ಟುಕೊಂಡಾಗ ಥೋರಾತರು ಗುಂಡು ಹಾರಿಸಲು ಹೇಳದೆ ತಾವೇ ಬೇಲಿಯೊಳಗೆ ಹೋಗಿ ಬಿಡಿಸಿಕೊಂಡು ಬಂದರು. ತಿಮ್ಮಯ್ಯನವರು 1965ರ ಡಿಸೆಂಬರಿನಲ್ಲಿ ಸೈಪ್ರಸ್ಸಿನಲ್ಲಿ ವಿಶ್ವಸಂಸ್ಥೆಯ ಪಡೆಯನ್ನು ನಡೆಸುತ್ತಿದ್ದಾಗಲೇ ತೀರಿಕೊಂಡರು. ಒಬ್ಬರು ಕನ್ನಡ ಸೀಮೆಯವರು, ಒಬ್ಬರು ಮರಾಠಿ ಸೀಮೆಯವರು. ಪರದೇಶದಲ್ಲಿ ಇಬ್ಬರೂ ಕೂಡಿ ಶಾಂತಿ ಕಾಯ್ದರು.

ಹಾಗಾದರೆ ಇಲ್ಲಿ, ಈ ಗಡಿಯಲ್ಲಿ, ನಾವು ಏನು ಮಾಡಿದ್ದೇವೆ? 1967ರಲ್ಲಿ ಮಹಾಜನ ಆಯೋಗದ ವರದಿ ಬಂದಂದಿನಿಂದ ಅಕ್ಕಲಕೋಟೆ ಯಾರದೆಂಬ ವಾದ ಆಗಾಗ ಏಳುತ್ತದೆ. ಆ ವಾದದಲ್ಲಿ ನಾವು ಇಂದು ಪಕ್ಷ ಹಿಡಿಯುವುದಿಲ್ಲ. ಒಂದು ತಪ್ಪನ್ನು ಮಾತ್ರ ನಿಮ್ಮ ಮುಂದೆ ಒಪ್ಪಿಕೊಳ್ಳುತ್ತೇವೆ. ಒಮ್ಮೆ ಗದ್ದಲದ ದಿನಗಳಲ್ಲಿ ಆಚೆಯ ಬಸ್ಸೊಂದನ್ನು ನಿಲ್ಲಿಸಿ ಮಸಿ ಬಳಿದು ಡ್ರೈವರನನ್ನು ಬೈದರು. ಅವನೂ ನಮ್ಮಂತೆ ಪಗಾರಕ್ಕೆ ದುಡಿಯುವವನು. ನಾವು ಕೆಲವರು ರಸ್ತೆಯ ಪಕ್ಕದಲ್ಲೇ ಇದ್ದೆವು. ತಪ್ಪಾಯಿತೆಂದು ನಮ್ಮ ನಮ್ಮಲ್ಲೇ ಆಡಿಕೊಂಡೆವು. ಒಬ್ಬರೂ ಹೋಗಿ ಅವನ ಪಕ್ಕ ನಿಲ್ಲಲಿಲ್ಲ. ಆ ಸಾಯಂಕಾಲ ಪ್ರಾರ್ಥನೆಯಲ್ಲಿ ಲೋಕದ ಸಮಾಧಾನಕ್ಕಾಗಿ ಬೇಡಿದೆವು. ಜಿನೀವಾದವರನ್ನು ನಾವು ಯಾವ ಬಾಯಿಂದ ದೂರಬೇಕು?

ಆದುದರಿಂದ ಈ ಕೂಟದ ಮುಂದೆ ಮೂರು ಮಾತು ಇಡುತ್ತೇವೆ. ಒಂದನೆಯದು, ಗದ್ದಲ ಎದ್ದ ದಿನ ನಮ್ಮಲ್ಲಿ ಕಡಿಮೆಯೆಂದರೆ ಇಬ್ಬರು ಬಸ್ ನಿಲ್ದಾಣಕ್ಕೆ ಹೋಗಿ, ಯಾವ ಭಾಷೆಯವನೇ ಆಗಲಿ, ಪೆಟ್ಟು ತಿನ್ನುವವನ ಪಕ್ಕದಲ್ಲಿ ನಿಲ್ಲಬೇಕು. ಎರಡನೆಯದು, ಫೋನಿನಲ್ಲಿ ಬಂದ ದ್ವೇಷದ ಸುದ್ದಿಯನ್ನು ನಮ್ಮ ಕೈಯಿಂದ ಮುಂದಕ್ಕೆ ಕಳಿಸಬಾರದು. ಅದೂ ಎಣ್ಣೆ ಮಾರಿದಂತೆಯೇ. ಮೂರನೆಯದು, ತಿಂಗಳಿಗೆ ಒಂದು ಹೊತ್ತಿನ ಊಟದ ಬೆಲೆಯನ್ನು ಬೇರೆ ತೆಗೆದಿಟ್ಟು, ಯುದ್ಧದಲ್ಲಿ ಗಾಯಗೊಂಡವರಿಗಾಗಿ ಕಳಿಸಬೇಕು. ಮೊತ್ತ ಚಿಕ್ಕದೆಂದು ನಾಚಿಕೊಳ್ಳಬೇಡಿರಿ. 1938ರಲ್ಲಿ ಕೊಟ್ಟವರೂ ನಮ್ಮಂಥವರೇ.

ಕರ್ತನು ಗುಡ್ಡದ ಮೇಲೆ ಧನ್ಯರೆಂದು ಕರೆದದ್ದು ಸಮಾಧಾನವನ್ನು ಬಯಸುವವರನ್ನಲ್ಲ, ಉಂಟುಮಾಡುವವರನ್ನು. ಬಯಸುವುದಕ್ಕೆ ಖರ್ಚಿಲ್ಲ. ಉಂಟುಮಾಡಿದ್ದಕ್ಕೆ ಆತನು ಕೊಟ್ಟ ಬೆಲೆಯನ್ನು ನಾವು ಪ್ರತಿ ಶುಭ ಶುಕ್ರವಾರ ನೆನೆಯುತ್ತೇವೆ. ಆ ಧನ್ಯರ ಸಾಲಿನಲ್ಲಿ ನಿಲ್ಲುವ ಧೈರ್ಯವನ್ನು ಆತನು ನಮಗೆ ದಯಪಾಲಿಸಲಿ. ಆಮೆನ್.